ಸಿಡಿದ ಹಿತ್ತಾಳೆಗೆ ಮರುಹುಟ್ಟು

ಗುಂಡು ಹಾರಿದ ಮೇಲೆ ನೆಲಕ್ಕೆ ಬೀಳುವ ಖಾಲಿ ತೋಟಾ ಕಸವಲ್ಲ. ಅದನ್ನು ಹೆಕ್ಕಿ, ತೊಳೆದು, ಹದಗೊಳಿಸಿ ಮತ್ತೆ ಬಳಸುವ ಹವ್ಯಾಸ ಅಮೆರಿಕದ ಮನೆ ಮನೆಗಳಲ್ಲಿ ಬೇರೂರಿದೆ. ಈ ಕೆಲಸದಲ್ಲಿ ಕಣ್ಣು ತಪ್ಪಿದರೆ ಬೆರಳೂ ಹೋಗಬಹುದು, ಕಣ್ಣೂ ಹೋಗಬಹುದು.

ಪಿಸ್ತೂಲಿನ ಕುದುರೆ ಎಳೆದಾಗ ಎಲ್ಲರ ಕಣ್ಣೂ ಗುಂಡು ಹೋಗಿ ಬಡಿಯುವ ಕಡೆಗೇ ಇರುತ್ತದೆ. ಅದೇ ಗಳಿಗೆಯಲ್ಲಿ ಪಿಸ್ತೂಲಿನ ಮಗ್ಗುಲಿನಿಂದ ಕಿರುಬೆರಳಿನ ತುದಿಯಷ್ಟು ದೊಡ್ಡ ಹಿತ್ತಾಳೆಯ ಕೊಳವೆಯೊಂದು ಚಿಮ್ಮಿ, ನೆಲಕ್ಕೆ ಬಿದ್ದು ಕಿಣಿಕಿಣಿ ಸದ್ದು ಮಾಡುತ್ತದೆ. ಸಿನಿಮಾ ನೋಡುವವರಿಗೆ ಅದು ಬರೀ ಸದ್ದು. ಗುರಿ ಅಭ್ಯಾಸದ ಮೈದಾನಕ್ಕೆ ವಾರವಾರ ಹೋಗುವ ಅಮೆರಿಕದ ಹವ್ಯಾಸಿಗೆ ಅದು ಕಾಸು. ಆತ ಗುಂಡು ಹಾರಿಸಿ ಮುಗಿಸಿದವನೇ ಬಗ್ಗಿ ನೆಲ ತಡಕಲು ಶುರುಮಾಡುತ್ತಾನೆ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ತೆನೆ ಆಯುವವರಂತೆ ಒಂದೊಂದನ್ನೇ ಹೆಕ್ಕಿ ಚೀಲಕ್ಕೆ ತುಂಬಿಕೊಳ್ಳುತ್ತಾನೆ.

ಏಕೆಂದರೆ ಒಂದು ತೋಟಾದಲ್ಲಿ ಇರುವುದು ನಾಲ್ಕೇ ಭಾಗ. ಮುಂದೆ ಸೀಸದ ಗುಂಡು, ಒಳಗೆ ಮದ್ದು, ಹಿಂದೆ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಕೇಪು. ಇವು ಮೂರನ್ನೂ ಒಟ್ಟಿಗೆ ಹಿಡಿದಿಡುವ ಹಿತ್ತಾಳೆಯ ಕೋಶ. ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕೇಪು ಸುಟ್ಟುಹೋಗುತ್ತದೆ. ಉಳಿಯುವುದು ಕೋಶ ಮಾತ್ರ. ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆ ಬಾಳುವುದೂ ಅದೇ. ಸರಿಯಾಗಿ ನೋಡಿಕೊಂಡರೆ ಅದೇ ಕೋಶವನ್ನು ಹತ್ತಾರು ಸಲ ಬಳಸಬಹುದು. ಅಲ್ಲಿನವರು ಅದನ್ನು ಕೋಶ ಎಂದು ಕರೆಯುವುದೂ ಇಲ್ಲ. 'ಹಿತ್ತಾಳೆ' ಎಂದಷ್ಟೇ ಹೇಳುತ್ತಾರೆ.

ಬಂದೂಕಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಪುಟ್ಟ ಹಿತ್ತಾಳೆಯ ಕಥೆ ಕುತೂಹಲಕರ. ಇದರಲ್ಲಿ ಲೋಹವಿಜ್ಞಾನವಿದೆ, ಇತಿಹಾಸದ ಕುಚೋದ್ಯವಿದೆ, ಭಾರತದ ಮಳೆಗಾಲವಿದೆ, ಮನೆಯೊಳಗೆ ಕಾಲಿಡುವ ವಿಷವೂ ಇದೆ.

ಹಿತ್ತಾಳೆಯೇ ಏಕೆ?

ಇಂದು ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಪಿಸ್ತೂಲಿನ ತೋಟಾ ಎಂದರೆ 9 ಮಿಲಿಮೀಟರಿನ ಪ್ಯಾರಬೆಲಂ. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರಿಯಾದ ಗಿಯೋರ್ಗ್ ಲೂಗರ್ 20ನೇ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದ. ಇದರ ಕೋಶದ ಉದ್ದ ಹೆಚ್ಚೆಂದರೆ 19.15 ಮಿ.ಮೀ., ತೂಕ ಸುಮಾರು 4 ಗ್ರಾಂ. ಮದ್ದು ಉರಿದಾಗ ಇದರೊಳಗೆ ಹುಟ್ಟುವ ಒತ್ತಡಕ್ಕೆ ಅಮೆರಿಕದ ಕೈಗಾರಿಕಾ ಮಾನಕ ವಿಧಿಸಿರುವ ಮಿತಿ ಚದರ ಅಂಗುಲಕ್ಕೆ 35,000 ಪೌಂಡು. ಕಾರಿನ ಟೈರಿಗೆ ನಾವು ಹೊಡೆಸುವ ಗಾಳಿ ಹೆಚ್ಚುಕಡಿಮೆ 30 ಪೌಂಡು. ಅಂದರೆ ಟೈರಿನ ಸಾವಿರ ಪಟ್ಟು ಒತ್ತಡ ಮುಷ್ಟಿಯೊಳಗಿನ ಯಂತ್ರದಲ್ಲಿ, ಮುಖದಿಂದ ಎರಡು ಅಡಿ ದೂರದಲ್ಲಿ, ಕಣ್ಣು ಮಿಟುಕಿಸುವುದಕ್ಕೂ ಮುಂಚೆ ಎದ್ದು ಅಡಗುತ್ತದೆ!

ಆ ಒತ್ತಡವನ್ನು ತಡೆಯುವುದು ಪಿಸ್ತೂಲಿನ ಉಕ್ಕು. ಆದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ಬಿರಡೆ ಹಾಕುವುದು ಹಿತ್ತಾಳೆ. ಒತ್ತಡ ಏರುತ್ತಿದ್ದಂತೆ ಕೋಶದ ತೆಳುಗೋಡೆ ಉಬ್ಬಿ ಉಕ್ಕಿನ ಗೋಡೆಗೆ ಬಿಗಿಯಾಗಿ ಅಂಟಿಕೊಂಡು ಸಂದು ಮುಚ್ಚುತ್ತದೆ. ಒತ್ತಡ ಇಳಿದ ಕೂಡಲೇ ತುಸು ಕುಗ್ಗಿ ಸಡಿಲವಾಗಿ ಈಚೆಗೆ ಬರುತ್ತದೆ. ಬರೀ ತಾಮ್ರವಾದರೆ ತೀರಾ ಮೆತ್ತಗೆ, ಉಬ್ಬಿದ್ದು ಕುಗ್ಗುವುದಿಲ್ಲ. ಉಕ್ಕು ಹಿತ್ತಾಳೆಯಷ್ಟು ಚೆನ್ನಾಗಿ ಬಾಗಿ ಬಳುಕುವುದಿಲ್ಲ. ಜೊತೆಗೆ ತುಕ್ಕಿನ ಕಾಟ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆಸಿದ ಹಿತ್ತಾಳೆ ಎರಡರ ನಡುವಿನ ಹದ. ಈ ಅಳತೆಯ ಮಿಶ್ರಲೋಹಕ್ಕೆ ಇಂಗ್ಲಿಷಿನಲ್ಲಿ ತೋಟಾ ಹಿತ್ತಾಳೆ ಎಂದೇ ಹೆಸರು.

ಕಾರ್ಖಾನೆಯಲ್ಲಿ ಕೋಶ ತಯಾರಾಗುವುದು ಎರಕದಿಂದಲ್ಲ. ಹಿತ್ತಾಳೆಯ ಹಾಳೆಯಿಂದ ಬಿಲ್ಲೆ ಕತ್ತರಿಸಿ, ಅದನ್ನು ಬಟ್ಟಲಿನಂತೆ ಒತ್ತಿ, ಆ ಬಟ್ಟಲನ್ನು ಹಂತಹಂತವಾಗಿ ಎಳೆದು ಕೊಳವೆ ಮಾಡುತ್ತಾರೆ. ಪ್ರತಿ ಎಳೆತಕ್ಕೂ ಹಿತ್ತಾಳೆ ಗಡುಸಾಗುತ್ತದೆ. ಹಾಗಾಗಿ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಕೊನೆಗೆ ಬುಡ ದಪ್ಪ, ಬಾಯಿ ತೆಳು. ಈ ಗಡುಸಾಗುವ ಗುಣವನ್ನು ನೆನಪಿಡಬೇಕು. ಮುಂದಿನ ಫಜೀತಿಗಳಲ್ಲಿ ಹಲವಕ್ಕೆ ಮೂಲ ಅದೇ.

ಕುದುರೆ ಲಾಯದ ಒಗಟು

ಈ ಫಜೀತಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ನಡೆದದ್ದು ನಮ್ಮ ನೆಲದಲ್ಲೇ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂತೆಂದರೆ ಸೈನ್ಯದ ಚಟುವಟಿಕೆ ಕಡಿಮೆಯಾಗುತ್ತಿತ್ತು. ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಒಟ್ಟಿ ಇಡುತ್ತಿದ್ದರು. ಮಳೆ ಮುಗಿದು ಪೆಟ್ಟಿಗೆ ತೆರೆದರೆ ಆಶ್ಚರ್ಯ! ಯಾರೂ ಮುಟ್ಟದ, ಒಮ್ಮೆಯೂ ಸಿಡಿಯದ ತೋಟಾಗಳ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಅದರಲ್ಲೂ ಗುಂಡನ್ನು ಅಮುಕಿ ಹಿಡಿದಿರುವ ಕತ್ತಿನ ಭಾಗದಲ್ಲಿ ಉದ್ದುದ್ದ ಸೀಳು. ಋತು ಬದಲಾದಾಗ ಕಾಣಿಸುವ ಬಿರುಕು ಎಂಬ ಅರ್ಥ ಬರುವ ಹೆಸರನ್ನೇ ಇಂಗ್ಲಿಷರು ಈ ರೋಗಕ್ಕೆ ಇಟ್ಟರು. ಕಾರಣ ಮಾತ್ರ ಬಹುಕಾಲ ಹೊಳೆಯಲಿಲ್ಲ.

1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರು ಒಗಟು ಬಿಡಿಸಿದರು. ಅಪರಾಧಿ ಮಳೆಯಲ್ಲ, ಕುದುರೆಯ ಮೂತ್ರ! ಅದರಿಂದ ಏಳುವ ಅಮೋನಿಯಾ ಅನಿಲ ಲಾಯದ ತೇವದ ಗಾಳಿಯಲ್ಲಿ ತುಂಬಿಕೊಂಡಿತ್ತು. ಕಾರ್ಖಾನೆಯಲ್ಲಿ ಎಳೆದು ಒತ್ತಿ ಮಾಡಿದ ಹಿತ್ತಾಳೆಯ ಒಳಗೆ ಬಿಗಿತ ಉಳಿದುಕೊಂಡಿತ್ತು. ಬಿಗಿತವಿರುವ ಹಿತ್ತಾಳೆಗೆ ಅಮೋನಿಯಾ ತಗುಲಿದರೆ ಲೋಹದ ಹರಳುಗಳ ಸಂದಿನಲ್ಲಿ ಬಿರುಕು ಹರಿಯುತ್ತದೆ. ಎರಡರಲ್ಲಿ ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಹದವಾಗಿ ಕಾಯಿಸಿ ಒಳಬಿಗಿತ ಇಳಿಸುವುದು, ಅಮೋನಿಯಾ ಸೋಕದಂತೆ ನೋಡಿಕೊಳ್ಳುವುದು ಇದಕ್ಕೆ ಪರಿಹಾರವಾಯಿತು. ಉಗಿಯಂತ್ರದ ಕೊಳವೆಯಿಂದ ಹಿಡಿದು ನಲ್ಲಿಯವರೆಗೆ ಹಿತ್ತಾಳೆ ಬಳಸುವ ಎಲ್ಲ ಎಂಜಿನಿಯರುಗಳೂ ಇಂದಿಗೂ ಓದುವ ಪಾಠ ಇದು.

ಅಮೆರಿಕದ ಹವ್ಯಾಸಿಯ ಗ್ಯಾರೇಜಿನಲ್ಲಿ ಕುದುರೆ ಇಲ್ಲ, ನಿಜ. ಆದರೆ ಅಂಗಡಿಯಲ್ಲಿ ಸಿಗುವ ಕೆಲವು ಹಿತ್ತಾಳೆ ಪಾಲಿಶುಗಳಲ್ಲಿ ಅಮೋನಿಯಾ ಇರುತ್ತದೆ. ತೋಟಾ ಕೋಶವನ್ನು ಅಂಥ ಪಾಲಿಶಿನಿಂದ ತಿಕ್ಕಬಾರದು ಎಂದು ಹಳಬರು ಹೊಸಬರಿಗೆ ಬುದ್ಧಿ ಹೇಳುವುದು ಇದೇ ಕಾರಣಕ್ಕೆ. ಹಳೆಯ ಲಾಯದ ಪಾಠ ಹೀಗೆ ಹೊಸ ಗ್ಯಾರೇಜಿನಲ್ಲಿ ಬದುಕಿದೆ.

ಇಬ್ಬರು ಕರ್ನಲ್‌ಗಳು, ಎರಡು ಬುಡಗಳು

ಹಿತ್ತಾಳೆಗೆ ಮುಂಚೆ ಇದ್ದದ್ದು ಕಾಗದದ ತೋಟಾ. ಎನ್‌ಫೀಲ್ಡ್ ರೈಫಲಿನ ಕಾಗದದ ತೋಟಾಕ್ಕೆ ಬಳಿದ ಕೊಬ್ಬು 1857ರಲ್ಲಿ ಎಬ್ಬಿಸಿದ ಕಿಚ್ಚು ನಮಗೆಲ್ಲ ಗೊತ್ತೇ ಇದೆ. ಅದಾಗಿ ಹತ್ತು ವರ್ಷ ತುಂಬುವುದರೊಳಗೆ, 1866ರ ಹೊತ್ತಿಗೆ, ಲೋಹದ ತೋಟಾದ ಬುಡದಲ್ಲಿ ಕೇಪು ಕೂರಿಸುವ ಎರಡು ಪದ್ಧತಿಗಳು ಹೊರಬಂದವು. ಒಂದನ್ನು ರೂಪಿಸಿದವನು ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್. ಇನ್ನೊಂದನ್ನು ರೂಪಿಸಿದವನು ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆ ಕಟ್ಟಿದ್ದ ಹೈರಮ್ ಬರ್ಡನ್.

ಬಾಕ್ಸರನ ಪದ್ಧತಿಯಲ್ಲಿ ಕಿಡಿ ಹಾಯುವ ತೂತು ಒಂದೇ, ಅದೂ ಬುಡದ ಸರಿಮಧ್ಯದಲ್ಲಿ. ಬರ್ಡನನ ಪದ್ಧತಿಯಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ತೂತು. ನಡುವೆ ಕೇಪನ್ನು ಎದುರಿಸಿ ನಿಲ್ಲುವ ಮೊಟ್ಟೊಂದು ಕೋಶದಲ್ಲೇ ಮೂಡಿರುತ್ತದೆ. ಇತಿಹಾಸದ ಕುಚೋದ್ಯ ನೋಡಿ: ಇಂಗ್ಲಿಷಿನವನ ಪದ್ಧತಿಯನ್ನು ಅಮೆರಿಕ ಅಪ್ಪಿಕೊಂಡಿತು, ಅಮೆರಿಕದವನದನ್ನು ಯುರೋಪಿನ ಸೈನ್ಯಗಳು ಅಪ್ಪಿಕೊಂಡವು!

ಮರುಬಳಕೆಯ ಭವಿಷ್ಯವನ್ನೇ ನಿರ್ಧರಿಸಿದ ತಿರುವು ಇದು. ಬಾಕ್ಸರ್ ಕೋಶವಾದರೆ ಬಾಯಿಯ ಕಡೆಯಿಂದ ಒಂದು ಸಪೂರ ಸಲಾಕೆ ಇಳಿಸಿ, ನಡುತೂತಿನ ಮೂಲಕ ಸುಟ್ಟ ಕೇಪನ್ನು ಹೊರಕ್ಕೆ ತಳ್ಳಿಬಿಡಬಹುದು. ಬರ್ಡನ್ ಕೋಶದಲ್ಲಿ ನಡುತೂತೇ ಇಲ್ಲ. ಸಲಾಕೆ ಇಳಿಸಿದರೆ ಸಲಾಕೆಯೇ ಮುರಿಯುತ್ತದೆ. ಅಮೆರಿಕದಲ್ಲಿ ಮನೆಮನೆಯ ಹವ್ಯಾಸವಾಗಿ ಇದು ಬೆಳೆಯಲು ಆ ಒಂದು ತೂತಿನ ಕೊಡುಗೆ ದೊಡ್ಡದು. ಒಲಿಂಪಿಕ್ಸಿನ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಬಳಸುವ .22 ತೋಟಾದ ಕಥೆ ಮತ್ತೊಂದು. ಅದರಲ್ಲಿ ಪ್ರತ್ಯೇಕ ಕೇಪೇ ಇಲ್ಲ. ಬುಡದ ಅಂಚಿನ ಮಡಿಕೆಯೊಳಗೇ ಕಿಡಿಮದ್ದು ಇರುತ್ತದೆ. ಒಮ್ಮೆ ಅಂಚು ಜಜ್ಜಿಹೋದರೆ ಅದರ ಆಯುಷ್ಯ ಮುಗಿದಂತೆ.

ಗ್ಯಾರೇಜಿನ ಕಮ್ಮಟ

ಅಮೆರಿಕದಲ್ಲಿ ತನ್ನ ಸ್ವಂತ ಬಳಕೆಗೆ ತೋಟಾ ಮರುತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ. ಮಾರಾಟಕ್ಕೆ ತಯಾರಿಸುವುದಾದರೆ ಬೇಕು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್‌ಟನ್ ಶುರುಮಾಡಿದ ಆರ್‌ಸಿಬಿಎಸ್ ಕಂಪೆನಿಯ ಒತ್ತುಯಂತ್ರಗಳು ಈ ಹವ್ಯಾಸಿಗಳಲ್ಲಿ ಮನೆಮಾತು. ವಿಸ್ಕಾನ್‌ಸಿನ್ನಿನ ರಿಚರ್ಡ್ ಲೀ 1958ರಲ್ಲಿ ಒಂದು ಸುತ್ತಿಗೆಯಿದ್ದರೆ ಸಾಕು ಎಂಬಂಥ ಅಗ್ಗದ ಸಲಕರಣೆ ತಯಾರಿಸಿ, ಬಡ ಹವ್ಯಾಸಿಯ ಕೈಗೂ ಇದು ಎಟುಕುವಂತೆ ಮಾಡಿದ.

ಹಣ ಉಳಿಸುವುದಷ್ಟೇ ಉದ್ದೇಶವಲ್ಲ. ತನ್ನ ಕೈಗೆ ಒಗ್ಗುವ, ಪ್ರತಿಯೊಂದೂ ಒಂದೇ ಥರ ಇರುವ ತೋಟಾ ಬೇಕು ಎನ್ನುವ ಗುರಿಕಾರರೂ ಇದ್ದಾರೆ. ಕೊರತೆಯ ಕಾಲದಲ್ಲಂತೂ ಕೋಶಕ್ಕೆ ಎಲ್ಲಿಲ್ಲದ ಬೆಲೆ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳ ಹತ್ಯಾಕಾಂಡ ನಡೆದ ಬಳಿಕ, ಕಾನೂನು ಬಿಗಿಯಾಗಬಹುದೆಂಬ ಗುಲ್ಲಿಗೆ ಜನ ಅಂಗಡಿಗಳಿಗೆ ಮುಗಿಬಿದ್ದು ತೋಟಾ ಖಾಲಿಯಾದವು. 2020ರ ಕೊರೊನಾ ಕಾಲದಲ್ಲಿ ಮತ್ತೆ ಅದೇ ಪಾಡು. ಆಗ ಕೇಪುಗಳಿಗೂ ಬರ ಬಂದಿದ್ದರಿಂದ, ಚೀಲಗಟ್ಟಲೆ ಹಿತ್ತಾಳೆ ಕೂಡಿಟ್ಟವರೂ ಕೈಕಟ್ಟಿ ಕೂರಬೇಕಾಯಿತು.

ಜಾತಿ ಬೇರೆ ಮಾಡುವ ಕೆಲಸ

ಮೈದಾನದಿಂದ ತಂದ ಚೀಲದಲ್ಲಿ ಎಲ್ಲ ಜಾತಿಯ ಕೋಶಗಳೂ ಕಲೆತಿರುತ್ತವೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುವುದೇ ಮೊದಲ ಕೆಲಸ. ಬುಡದ ಮೇಲೆ ಕೊರೆದಿರುವ ಅಕ್ಷರ ನೋಡಿ ಅಳತೆ, ತಯಾರಕರ ಗುರುತು ತಿಳಿಯಬೇಕು. 9 ಮಿ.ಮೀ. ಕೋಶದ ಪಕ್ಕ .380 ಕೋಶ ಇಟ್ಟರೆ ಅಣ್ಣ ತಮ್ಮಂದಿರಂತೆ ಕಾಣುತ್ತವೆ. ತಮ್ಮ ಎರಡು ಮಿಲಿಮೀಟರು ಗಿಡ್ಡ, ಅಷ್ಟೆ. ಚಿಕ್ಕ ಕೋಶ ದೊಡ್ಡದರ ಹೊಟ್ಟೆಯೊಳಗೆ ಹೊಕ್ಕು ಕೂರುವುದೂ ಉಂಟು. ಉಕ್ಕಿನ ಕೋಶಗಳಿಗೆ ಹಿತ್ತಾಳೆ ಬಣ್ಣ ಲೇಪಿಸಿರಬಹುದು. ಅವನ್ನು ಹಿಡಿಯಲು ಅಯಸ್ಕಾಂತ ಬೇಕು. ಅಲ್ಯುಮಿನಿಯಂ ಕೋಶಗಳು ಮರುಬಳಕೆಗೆ ಬಾರವು. .45 ಕೋಶಗಳಲ್ಲಿ ಕೆಲವಕ್ಕೆ ದೊಡ್ಡ ಕೇಪು, ಕೆಲವಕ್ಕೆ ಚಿಕ್ಕ ಕೇಪು. ಬೇರೆ ಮಾಡದಿದ್ದರೆ ನಡುವಿನಲ್ಲಿ ಯಂತ್ರ ಸಿಕ್ಕಿಕೊಳ್ಳುತ್ತದೆ.

ಇಷ್ಟಕ್ಕೂ ಮಿಗಿಲಾದ ಎಚ್ಚರ ಒಂದಿದೆ. ಖಾಲಿ ಎಂದುಕೊಂಡ ರಾಶಿಯಲ್ಲಿ ಸಿಡಿಯದ ತೋಟಾ ಒಂದು ಅಡಗಿ ಕುಳಿತಿರಬಹುದು. ಆದ್ದರಿಂದ ಪ್ರತಿಯೊಂದೂ ಕಣ್ಣಿನಡಿ ಹಾದುಹೋಗಲೇಬೇಕು.

ಆಮೇಲೆ ತೊಳೆತ. ಮಸಿ, ಮರಳು ಅಂಟಿದ ಕೋಶವನ್ನು ಹಾಗೇ ಅಚ್ಚಿಗೆ ಹಾಕಿದರೆ ಅಚ್ಚಿನ ಮೈಗೆ ಗೀರು ಬೀಳುತ್ತದೆ. ಆ ಗೀರು ಮುಂದೆ ಬರುವ ಪ್ರತಿ ಕೋಶದ ಮೇಲೂ ಮೂಡುತ್ತದೆ. ಅದಕ್ಕೇ ಅಕ್ರೋಟಿನ ಚಿಪ್ಪಿನ ಪುಡಿ ಅಥವಾ ಮುಸುಕಿನ ಜೋಳದ ದಿಂಡಿನ ಪುಡಿ ತುಂಬಿದ ನಡುಗುವ ಬಟ್ಟಲಿಗೆ ಕೋಶಗಳನ್ನು ಹಾಕಿ ಗಂಟೆಗಟ್ಟಲೆ ಕುಲುಕುತ್ತಾರೆ. ಇನ್ನು ಕೆಲವರು ನೀರು, ಸೋಪು, ಸ್ಟೇನ್‌ಲೆಸ್ ಉಕ್ಕಿನ ಸಣ್ಣ ಕಡ್ಡಿಗಳೊಂದಿಗೆ ಪೀಪಾಯಿಯಲ್ಲಿ ಉರುಳಿಸುತ್ತಾರೆ. ನೀರಿಗೆ ಚಿಟಿಕೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹುಳಿಯ ಸತ್ವ. ದೇವರ ಮನೆಯ ದೀಪದ ಕಂಬವನ್ನು ಹುಣಸೆಹಣ್ಣು ಹಚ್ಚಿ ಬೆಳಗುವ ಮನೆಗಳಿಗೆ ಈ ರಹಸ್ಯ ಹೊಸದಲ್ಲ. ಹುಳಿ ಹಿತ್ತಾಳೆಯ ಮೇಲಿನ ಕಪ್ಪನ್ನು ಕರಗಿಸುತ್ತದೆ. ಅತಿಯಾದರೆ ಮಾತ್ರ ಸತುವನ್ನೂ ಕರಗಿಸಿ ತಾಮ್ರದ ಕೆಂಪು ಮೇಲೆದ್ದು ಬರುತ್ತದೆ. ಪಾತ್ರೆಗೆ ಅದು ಬರೀ ಬಣ್ಣಗೇಡು, ತೋಟಾಕ್ಕೆ ಬಲಗೇಡು.

ತಟ್ಟಿ ನೋಡು, ಕೇಳಿ ನೋಡು

ತೊಳೆದ ಮೇಲೆ ಪರೀಕ್ಷೆ. ಪಿಸ್ತೂಲಿನ ಕೋಶ ಸಾಮಾನ್ಯವಾಗಿ ಸೋಲುವುದು ಬಾಯಿಯಲ್ಲಿ. ಪ್ರತಿ ಸಲ ಉಬ್ಬಿ, ಪ್ರತಿ ಸಲ ಅಚ್ಚಿನಲ್ಲಿ ಕುಗ್ಗಿ, ಹಿತ್ತಾಳೆ ಗಡುಸಾಗುತ್ತ ಹೋಗುತ್ತದೆ. ಕೊನೆಗೊಂದು ದಿನ ಬಾಯಿಯ ಅಂಚಿನಲ್ಲಿ ಕೂದಲೆಳೆಯಂಥ ಸೀಳು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಸದ್ದು ಕೇಳುವುದಿಲ್ಲವೇ? ಇಲ್ಲೂ ಅದೇ ಉಪಾಯ. ಹಿಡಿ ಕೋಶಗಳನ್ನು ಅಂಗೈಯಲ್ಲಿ ಕುಲುಕಿದಾಗ ಒಳ್ಳೆಯವು ಗೆಜ್ಜೆಯಂತೆ ನುಡಿಯುತ್ತವೆ. ಸೀಳು ಬಿಟ್ಟದ್ದೊಂದು ಇದ್ದರೆ ಅಪಸ್ವರ ಕೇಳಿಸುತ್ತದೆ.

ಸೀಳು ಕೋಶ ಏಕೆ ಅಪಾಯ? ಕೋಶದ ಬಾಯಿ ಗುಂಡನ್ನು ಬಿಗಿಯಾಗಿ ಹಿಡಿದಿರಬೇಕು. ಪಿಸ್ತೂಲು ತನ್ನ ಖಜಾನೆಯಿಂದ ತೋಟಾವನ್ನು ನೂಕಿ ಒಳಗೆ ತುಂಬುವಾಗ ಗುಂಡಿನ ಮೂತಿ ಇಳಿಜಾರಿಗೆ ಬಡಿಯುತ್ತದೆ. ಹಿಡಿತ ಸಡಿಲವಾಗಿದ್ದರೆ ಗುಂಡು ಹಿಂದಕ್ಕೆ ಜಾರಿ ಮದ್ದಿನ ಜಾಗವನ್ನು ಕಿರಿದುಮಾಡುತ್ತದೆ. 9 ಮಿ.ಮೀ.ನಂಥ ಪುಟ್ಟ ಕೋಶದಲ್ಲಿ ಮೊದಲೇ ಜಾಗ ಕಡಿಮೆ. ಗುಂಡು ಸ್ವಲ್ಪವೇ ಒಳಸರಿದರೂ ಒತ್ತಡ ವಿಪರೀತ ಏರುತ್ತದೆ. ಮದ್ದಿನ ಅಳತೆಯಲ್ಲಿ ಒಂದಿಷ್ಟೂ ತಪ್ಪದವನ ಪಿಸ್ತೂಲು ಬರೀ ಕೋಶದ ದೋಷದಿಂದ ಕೈಯಲ್ಲೇ ಒಡೆಯಬಹುದು.

ಬುಡದ ಬಳಿಯೂ ಕಣ್ಣಿಡಬೇಕು. ಕೆಲವು ಪಿಸ್ತೂಲುಗಳಲ್ಲಿ ತೋಟಾ ಸರಾಗವಾಗಿ ಒಳಹೋಗಲೆಂದು ಕೆಳಭಾಗದ ಉಕ್ಕನ್ನು ತುಸು ಕೊರೆದಿರುತ್ತಾರೆ. ಅಲ್ಲಿ ಆಸರೆ ಇಲ್ಲದ ಹಿತ್ತಾಳೆ ಹೊಟ್ಟೆ ಬಂದಂತೆ ಉಬ್ಬಿರುತ್ತದೆ. ಅದನ್ನು ಒತ್ತಿ ಸರಿಮಾಡಿದರೂ ಒಮ್ಮೆ ಹಿಗ್ಗಿ ದಣಿದ ಲೋಹ ಹಿಂದಿನ ಬಲಕ್ಕೆ ಬರುವುದಿಲ್ಲ. ಅನುಭವಿಗಳು ಅಂಥದ್ದನ್ನು ಗುಜರಿಗೆ ಹಾಕುತ್ತಾರೆ.

ಅಚ್ಚಿನ ಮನೆಯಲ್ಲಿ

ಸಿಡಿದ ಕೋಶ ಮೊದಲಿನ ಗಾತ್ರದಲ್ಲಿ ಇರುವುದಿಲ್ಲ, ತನ್ನನ್ನು ಸಿಡಿಸಿದ ಪಿಸ್ತೂಲಿನ ಅಳತೆಗೆ ಹಿಗ್ಗಿರುತ್ತದೆ. ಅದನ್ನು ಮತ್ತೆ ಯಾವ ಪಿಸ್ತೂಲಿಗೂ ಹೊಂದುವಂತೆ ಮಾಡಲು ಉಕ್ಕಿನ ಅಚ್ಚಿನೊಳಗೆ ಒತ್ತಿ ಕುಗ್ಗಿಸಬೇಕು. ಸುಟ್ಟ ಕೇಪನ್ನು ತಳ್ಳುವ ಸಲಾಕೆ ಸಾಮಾನ್ಯವಾಗಿ ಇದೇ ಅಚ್ಚಿನ ನಡುವೆ ಇರುತ್ತದೆ. ಒಂದೇ ಎಳೆತಕ್ಕೆ ಎರಡು ಕೆಲಸ. ಹಿಂದೆ ಪ್ರತಿ ಕೋಶಕ್ಕೂ ಜಿಡ್ಡು ಸವರಿ, ಒತ್ತಿದ ಮೇಲೆ ಒರೆಸಬೇಕಾಗಿತ್ತು. ಇಲ್ಲದಿದ್ದರೆ ಹಿತ್ತಾಳೆ ಅಚ್ಚಿಗೆ ಕಚ್ಚಿಕೊಂಡು ಕೀಳುವುದೇ ಸಾಹಸ. ಟಂಗ್‌ಸ್ಟನ್ ಕಾರ್ಬೈಡಿನ ಉಂಗುರವಿರುವ ಅಚ್ಚು ಬಂದ ಮೇಲೆ ನೇರ ಗೋಡೆಯ ಪಿಸ್ತೂಲು ಕೋಶಗಳಿಗೆ ಆ ಕಾಟ ತಪ್ಪಿತು.

ಮುಂದಿನದು ಬಾಯಿ ತೆರೆಯುವುದು. ಹೊಸ ಗುಂಡು ಅಂಚಿಗೆ ತಾಗಿ ಕೆರೆದುಕೊಳ್ಳದೆ ಒಳಗಿಳಿಯಲು ಬಾಯನ್ನು ಗಂಟೆಯ ಅಂಚಿನಂತೆ ತುಸುವೇ ಅಗಲಿಸುತ್ತಾರೆ. ಬೇಕಾದದ್ದಕ್ಕಿಂತ ಅಗಲಿಸಿದರೆ ಬಾಯಿ ಬೇಗ ಸೀಳುತ್ತದೆ. ಉದ್ದವನ್ನೂ ಕ್ಯಾಲಿಪರ್ ಹಿಡಿದು ಅಳೆಯಬೇಕು. ರಿವಾಲ್ವರಿನ ಕೋಶಕ್ಕೆ ಬುಡದಲ್ಲಿ ಅಂಚು ಇರುತ್ತದೆ. ಗೂಡಿನೊಳಗೆ ಅದು ಆ ಅಂಚಿನ ಮೇಲೆ ನಿಲ್ಲುತ್ತದೆ. 9 ಮಿ.ಮೀ. ಮತ್ತು .45ರಂಥ ಪಿಸ್ತೂಲು ಕೋಶಕ್ಕೆ ಹೊರಚಾಚಿದ ಅಂಚಿಲ್ಲ. ಅದು ನಿಲ್ಲುವುದೇ ಬಾಯಿಯ ತುದಿಯ ಮೇಲೆ. ಉದ್ದ ಹೆಚ್ಚಾದರೆ ಪಿಸ್ತೂಲು ಪೂರ್ತಿ ಮುಚ್ಚಿಕೊಳ್ಳದು. ಅದೃಷ್ಟಕ್ಕೆ, ರೈಫಲಿನ ಕೋಶಗಳಂತೆ ಇವು ಬೆಳೆಯುವುದು ಅಪರೂಪ.

ಕೊನೆಗೆ ಕೇಪಿನ ಗೂಡು. ಸೈನ್ಯಕ್ಕೆಂದು ಮಾಡಿದ ತೋಟಾದಲ್ಲಿ ಕೇಪು ಅಲುಗದಿರಲೆಂದು ಸುತ್ತ ಹಿತ್ತಾಳೆಯನ್ನು ಒತ್ತಿ ಬೀಗ ಹಾಕಿರುತ್ತಾರೆ. ವೃತ್ತದೊಳಗಿನ ಶಿಲುಬೆ, ಅಂದರೆ ನ್ಯಾಟೋ ಗುರುತು ಬುಡದಲ್ಲಿ ಕಂಡರೆ ಈ ಬೀಗ ಇದೆಯೇ ಎಂದು ನೋಡಬೇಕು. ಆ ಅಂಚನ್ನು ಬಿಡಿಸದೆ ಹೊಸ ಕೇಪು ತುರುಕಲು ಹೋದರೆ ಕೇಪು ಜಜ್ಜಿಹೋಗುತ್ತದೆ, ಕೆಲವೊಮ್ಮೆ ಅಲ್ಲೇ ಸಿಡಿಯುತ್ತದೆ. ಗೂಡು ತೀರಾ ಸಡಿಲವಾಗಿದ್ದರೂ ಕಷ್ಟವೇ. ಕೇಪು ಬೆರಳಿನ ಒತ್ತಿಗೇ ಒಳಜಾರಿತೆಂದರೆ ಬುಡ ಹಿಗ್ಗಿದೆ ಎಂದು ಅರ್ಥ. ಆ ಕೋಶದ ಋಣ ತೀರಿತು.

ಮನೆಯೊಳಗೆ ಬರುವ ಸೀಸ

ಕೋಶ ಸಿದ್ಧಪಡಿಸುವವನಿಗೆ ಎದುರಾಗುವ ಅತಿ ದೊಡ್ಡ ಅಪಾಯ ಸದ್ದು ಮಾಡುವಂಥದ್ದಲ್ಲ. ಹಿಂದಿನ ಕಾಲದ ಕೇಪುಗಳಲ್ಲಿ ಪಾದರಸದ ಸಂಯುಕ್ತವಿತ್ತು. ಸಿಡಿದಾಗ ಪಾದರಸ ಹಿತ್ತಾಳೆಯೊಳಗೆ ಸೇರಿ ಅದನ್ನು ಪುಡಿಪುಡಿಯಾಗುವಂತೆ ಮಾಡುತ್ತಿತ್ತು. ಪಾದರಸ ಹೋಯಿತು, ಅದರ ಜಾಗಕ್ಕೆ ಸೀಸದ ಸಂಯುಕ್ತ ಬಂತು. ಹಿತ್ತಾಳೆಗೆ ಒಳ್ಳೆಯದಾಯಿತು, ಮನುಷ್ಯನಿಗಲ್ಲ.

ಸುಟ್ಟ ಕೇಪಿನ ಸೀಸ ಕೋಶದ ಒಳಮೈಗೆ ಸಣ್ಣ ಪುಡಿಯಾಗಿ ಅಂಟಿರುತ್ತದೆ. ಅಕ್ರೋಟಿನ ಪುಡಿಯಲ್ಲಿ ಗಂಟೆಗಟ್ಟಲೆ ಕುಲುಕಿದಾಗ ಆ ಪುಡಿಯೆಲ್ಲ ದೂಳಾಗಿ ಬಿಡುಗಡೆಯಾಗುತ್ತದೆ. ಮುಚ್ಚಳ ತೆರೆದು, ಜರಡಿ ಹಿಡಿದು ಕೋಶಗಳನ್ನು ಬೇರೆ ಮಾಡುವಾಗ ಎದ್ದ ದೂಳು ಉಸಿರಿಗೆ ಹೋಗುತ್ತದೆ, ಬಟ್ಟೆಗೆ ಅಂಟುತ್ತದೆ. ಅದೇ ಬಟ್ಟೆಯಲ್ಲಿ ಅಪ್ಪ ಒಳಗೆ ಬಂದು ಮಗುವನ್ನು ಎತ್ತಿಕೊಂಡರೆ? ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವಂಥ ಸುರಕ್ಷಿತ ಮಟ್ಟವೇ ಇಲ್ಲ ಎಂಬುದು ವೈದ್ಯ ವಿಜ್ಞಾನದ ತೀರ್ಮಾನ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಮಕ್ಕಳ ವಿಷಯದ ಎಚ್ಚರಿಕೆಯ ಗೆರೆಯನ್ನು ನೂರು ಮಿಲಿಲೀಟರ್ ರಕ್ತಕ್ಕೆ 5 ಮೈಕ್ರೊಗ್ರಾಂನಿಂದ 3.5ಕ್ಕೆ ಇಳಿಸಿತು. ಬೆಳೆಯುವ ಮಿದುಳಿಗೆ ಸೀಸ ಮಾಡುವ ಗಾಯ ಮಾಯುವಂಥದ್ದಲ್ಲ.

ತಿಳಿದವರು ಈ ಕೆಲಸವನ್ನು ಅಡುಗೆಮನೆಯ ಹತ್ತಿರ ತರುವುದಿಲ್ಲ. ಕುಲುಕುವ ಬಟ್ಟಲು ಮನೆಯ ಹೊರಗೆ, ಮುಚ್ಚಳ ಬಿಗಿಯಾಗಿ. ಮುಖಕ್ಕೆ ದೂಳು ತಡೆಯುವ ಮುಸುಕು, ಕೈಗೆ ಗವಸು. ಕೆಲಸದ ನಡುವೆ ತಿನ್ನುವುದಿಲ್ಲ, ಸಿಗರೇಟು ಸೇದುವುದಿಲ್ಲ. ನೀರಿನಲ್ಲಿ ತೊಳೆದರೆ ದೂಳು ಏಳದು, ನಿಜ. ಆದರೆ ಸೀಸ ಮಾಯವಾಗುವುದಿಲ್ಲ. ತೊಳೆದ ಕಪ್ಪು ನೀರಿನಲ್ಲಿ ಇರುತ್ತದೆ. ತೋಟಾ ಸಿಡಿಯುವ ಅಪಾಯಕ್ಕೆ ಹೆದರಿ ಎಚ್ಚರದಿಂದ ಇರುವ ಎಷ್ಟೋ ಹವ್ಯಾಸಿಗಳು ಈ ಮೌನ ಅಪಾಯವನ್ನು ಮರೆತುಬಿಡುತ್ತಾರೆ.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಇದು ಗ್ಯಾರೇಜಿನ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಕಡ್ಡಾಯ. ತೋಟಾದ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡೇ. ಪರದೇಶದ ಮೈದಾನದಿಂದ ನೆನಪಿಗೆಂದು ಜೇಬಿಗೆ ಹಾಕಿಕೊಂಡ ಖಾಲಿ ಕೋಶ ವಿಮಾನ ನಿಲ್ದಾಣದಲ್ಲಿ ತಲೆನೋವು ತರಬಹುದು ಎಂಬುದು ಪ್ರವಾಸಿಗಳಿಗೆ ತಿಳಿದಿರಬೇಕು.

ಕರ್ನಾಟಕದ ಮಟ್ಟಿಗೆ ಕೋವಿ ಎಂದ ಕೂಡಲೇ ನೆನಪಾಗುವುದು ಕೊಡಗು. ಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಗುಂಡು ಹಾರಿಸುವ ಸಂಪ್ರದಾಯ ಅಲ್ಲಿಯದು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಕೆಯ ಮಾತೇ ಬೇರೆ.

ಹಿತ್ತಾಳೆಯ ಈ ಕಥೆಯಿಂದ ಕಲಿಯಬೇಕಾದದ್ದಕ್ಕೆ ಮಾತ್ರ ಕೋವಿಯ ಹಂಗಿಲ್ಲ. ಒಂದು ವಸ್ತುವನ್ನು ಮತ್ತೆ ಮತ್ತೆ ಬಳಸುವುದು ಮಿತವ್ಯಯ. ಅದನ್ನು ಯಾವಾಗ ಬಳಸಬಾರದು ಎಂದು ತಿಳಿಯುವುದು ವಿವೇಕ. ಕೋಶ ಸಿದ್ಧಪಡಿಸುವವನ ಮೇಜಿನ ಪಕ್ಕ ಗುಜರಿಗೆಂದೇ ಒಂದು ಡಬ್ಬ ಇರುತ್ತದೆ. ಸೀಳಿದ್ದು, ಉಬ್ಬಿದ್ದು, ಗೂಡು ಸಡಿಲವಾದದ್ದು, ಅಷ್ಟೇಕೆ, ಅನುಮಾನ ಬಂದದ್ದು ಕೂಡ ಅದರೊಳಗೆ ಬೀಳಬೇಕು. ನಾಲ್ಕು ಗ್ರಾಂ ಹಿತ್ತಾಳೆಯ ಆಸೆಗೆ ಐದು ಬೆರಳನ್ನು ಪಣಕ್ಕಿಡಬಾರದು. ಡಬ್ಬ ತುಂಬಿದ ಮೇಲೂ ನಷ್ಟವೇನಿಲ್ಲ. ಗುಜರಿಯವನ ಕುಲುಮೆಯಲ್ಲಿ ಕರಗಿದರೆ ಹಿತ್ತಾಳೆ ಮತ್ತೆ ಹಿತ್ತಾಳೆಯೇ. ಮುಂದಿನ ಜನ್ಮದಲ್ಲಿ ಅದು ತೋಟಾವೇ ಆಗಬೇಕೆಂದಿಲ್ಲ. ಬಾಗಿಲ ಚಿಲಕವಾಗಬಹುದು, ನಲ್ಲಿಯಾಗಬಹುದು.